ಗಾಳಿಯ ಬೂಷ್ಟು

ಜುಲೈ 4

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ ಅಂತಲೇ ಕಾಗದ ಶುರು ಮಾಡುವುದು ನನ್ನ ಕೈಗೆ ರೂಢಿಯಾಗಿಬಿಟ್ಟಿದೆ. ಇವತ್ತು ಅದನ್ನು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ. ರೇಡಿಯೋ ಆಸ್ಪತ್ರೆಯಲ್ಲಿದ್ದಾಳೆ. ಗಾಬರಿಯಾಗಬೇಡ. ನನ್ನ ಹೆಂಡತಿಗೆ ನೀನಿಟ್ಟ ಆ ಹೆಸರು ಈಗ ವಾರ್ಡಿನ ನರ್ಸುಗಳಿಗೂ ಗೊತ್ತು. ಸೇರಿಸಿದ ದಿನವೇ ಕೆಮ್ಮಿನ ಮಧ್ಯೆ ಅವಳೇ ಹೇಳಿಕೊಂಡಳಂತೆ.

ಇಲ್ಲಿ ಊರಿಗೆ ಊರೇ ಜ್ವರ. ಬೇಕರಿಯ ಕೌಂಟರಿನಲ್ಲಿ ಕೂರುವವಳು ಅವಳು, ಬ್ರೆಡ್ಡಿಗೆ ಬಂದವರೆಲ್ಲ ಅವಳ ಮುಖಕ್ಕೇ ಕೆಮ್ಮಿ ಹೋದರು. ಐದು ದಿನ ಮೈ ಸುಟ್ಟು ಆರನೆಯ ದಿನ ಬಿಟ್ಟಿತು. ಎದ್ದು ತಲೆಗೆ ಸ್ನಾನ ಮಾಡಿ, "ಹೋಗೇ ಬಿಡ್ತೀನಿ ಅಂತ ಇನ್ನೊಬ್ಬಳನ್ನ ನೋಡಿಟ್ಟಿದ್ರೇನೋ ಪಾಪ" ಎಂದು ನನ್ನನ್ನು ಛೇಡಿಸಿದಳು. ಮಾರನೆಯ ದಿನ ಮಧ್ಯಾಹ್ನ ಗಡಗಡ ನಡುಗಿ ಮಲಗಿದವಳು ಏಳಲಿಲ್ಲ. ಉಸಿರು ಎಳೆದರೆ ಬಲ ಪಕ್ಕೆ ಹಿಡಿಯುತ್ತಿತ್ತು. ಕಫಕ್ಕೆ ತುಕ್ಕಿನ ಬಣ್ಣ.

ಮೊನ್ನೆ ಸೇರಿಸಿದೆ. ನೋಡಿಕೊಳ್ಳುವ ಡಾಕ್ಟರಮ್ಮ ತೀರ ಚಿಕ್ಕವರು, ಆದರೆ ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. "ಫ್ಲೂ ಇತ್ತು, ಅದರ ಮೇಲೆ ನ್ಯುಮೋನಿಯಾ ಕೂತಿದೆ" ಅಂದರು. ಒಂದರ ಮೇಲೆ ಒಂದು ಕೂರಲು ಇದೇನು ಬಸ್ಸೇ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಅರ್ಧ ಗಂಟೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಬಿಡುತ್ತಾರೆ. ಮಗಳನ್ನು ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಬಿಟ್ಟಿದ್ದೇನೆ.

ಬೇಕರಿಯ ಫೋನು ಹೋದ ತಿಂಗಳೇ ಪ್ರಾಣ ಬಿಟ್ಟಿದೆ. ನಿನ್ನ ಲ್ಯಾಬಿನದು ನಿಮ್ಮ ದೊಡ್ಡ ಡಾಕ್ಟರ ಮೇಜಿನ ಮೇಲಿದೆ. ಹಾಗಾಗಿ ಕಾಗದವೇ ಗತಿ. ಇಪ್ಪತ್ತೆರಡು ವರ್ಷದಿಂದ ಅವರಿವರ ಕಫದಲ್ಲಿ ಕ್ರಿಮಿ ಹುಡುಕುವವಳು ನೀನು. ಇದು ಎಂಥದ್ದು, ಹೇಳು.

ನಿನ್ನ ತಮ್ಮ

*

ಜುಲೈ 7

ಗುಂಡಾ,

ಗಾಬರಿಯಾಗಬೇಡ ಅಂತ ಇನ್ನೊಂದು ಸಲ ಬರೆದೆಯೋ, ಬಂದು ಕಿವಿ ಹಿಂಡುತ್ತೇನೆ. ಆ ಪದ ನೋಡಿಯೇ ಗಾಬರಿಯಾಯಿತು. ಉಳಿದದ್ದನ್ನು ಕೂತು ಓದಿದೆ.

ಬಸ್ಸಲ್ಲ, ಮನೆ ಅಂದುಕೋ. ಫ್ಲೂ ಬಾಗಿಲು ಮುರಿಯುತ್ತದೆ. ಮುರಿದು ಅದು ಹೊರಟುಹೋದರೂ ಬಾಗಿಲು ಹಾರು ಹೊಡೆದೇ ಇರುತ್ತದೆ, ಬೀದಿಯಲ್ಲಿ ಹೋಗುವವರೆಲ್ಲ ಒಳಗೆ ನುಗ್ಗುತ್ತಾರೆ. ನಮ್ಮ ಮೂಗು ಗಂಟಲಲ್ಲೇ ಸಾಧುವಾಗಿ ಬಿದ್ದಿರುವ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಜ್ವರ ಬಿಟ್ಟು ಒಂದು ದಿನ ಹಗುರಾಗಿ ಮತ್ತೆ ನಡುಕ ಬಂತು ಅಂದೆಯಲ್ಲ, ಅದೇ ಗುರುತು. ಯಾವ ಬ್ಯಾಕ್ಟೀರಿಯಾ ಅಂತ ತಿಳಿದರೆ ಅದಕ್ಕೆ ತಕ್ಕ ಮದ್ದು ಇದೆ.

ಒಂದು ಮಾತು ನೆನಪಿಡು. ಪರೀಕ್ಷೆಗೆ ಕಫ ಕೇಳಿದಾಗ ಎದೆಯ ಆಳದಿಂದ ಕೆಮ್ಮಿ ಕೊಡಬೇಕು. ಜನ ಬಾಯಲ್ಲಿರುವ ಉಗುಳು ಕೊಟ್ಟು ಕಫ ಅನ್ನುತ್ತಾರೆ. ಅಂಥ ಡಬ್ಬಿಗಳನ್ನು ದಿನಕ್ಕೆ ಹತ್ತಾದರೂ ನಾನು ವಾಪಸ್ ಕಳಿಸುತ್ತೇನೆ, ನರ್ಸುಗಳಿಗೆ ನನ್ನನ್ನು ಕಂಡರೆ ಆಗುವುದಿಲ್ಲ.

ಬರಬೇಕು ಅಂತ ಜೀವ ಒದ್ದಾಡುತ್ತಿದೆ. ಲ್ಯಾಬಿನಲ್ಲಿ ಐವರಲ್ಲಿ ಮೂವರು ಇದೇ ಜ್ವರದಲ್ಲಿ ಮಲಗಿದ್ದಾರೆ, ರಜೆಯೆಲ್ಲ ರದ್ದು. ಉಸಿರಾಟದ ವಾರ್ಡು ತುಂಬಿ ಕಾರಿಡಾರಿನಲ್ಲಿ ಮಂಚ ಹಾಕಿದ್ದಾರೆ. ದಿನಕ್ಕೆ ಅರವತ್ತು ಡಬ್ಬಿ, ನೋಡಲು ನಾವಿಬ್ಬರೇ. ಕಣ್ಣು ಮುಚ್ಚಿದರೂ ಕಫ ಹಚ್ಚಿ ಕ್ರಿಮಿ ಬೆಳೆಸುವ ಗಾಜಿನ ತಟ್ಟೆಗಳೇ ಕಾಣುತ್ತವೆ. ಅವಳು ಏನು ತಿನ್ನುತ್ತಿದ್ದಾಳೆ, ಎಷ್ಟು ಮಾತಾಡುತ್ತಿದ್ದಾಳೆ, ಎರಡನ್ನೂ ಬರೆ. ಅವಳ ವಿಷಯದಲ್ಲಿ ಥರ್ಮಾಮೀಟರಿಗಿಂತ ನನಗೆ ಅದರ ಮೇಲೆ ನಂಬಿಕೆ.

ಅಕ್ಕ

*

ಜುಲೈ 11

ಅಕ್ಕಾ,

ನೀನು ಹೇಳಿದಂತೆಯೇ ಆಯಿತು. ತಟ್ಟೆಯಲ್ಲಿ ಚಿನ್ನದ ಬಣ್ಣದ ಬ್ಯಾಕ್ಟೀರಿಯಾ ಬೆಳೆಯಿತಂತೆ. ಇಂಜೆಕ್ಷನ್ ಬದಲಾಯಿಸಿದರು. ಎರಡು ದಿನಕ್ಕೆ ಜ್ವರ ಇಳಿಯಿತು. ನಾನು ಬೇಕರಿಗೆ ಬಂದು ಹುಡುಗರಿಗೆಲ್ಲ ಬನ್ನು ಹಂಚಿದೆ. ಹಂಚಬಾರದಿತ್ತು, ಒಂಬತ್ತನೇ ತಾರೀಕು ಮತ್ತೆ ಏರಿತು. ಕಫದಲ್ಲಿ ಸ್ವಲ್ಪ ರಕ್ತ ಕಂಡಿತು, ಸ್ವಲ್ಪವೇ.

ಇನ್ನೊಂದು ಸಲ ಕಫ ಕಳಿಸಿದ್ದರು. ಇವತ್ತು ಬಂದ ವರದಿಯನ್ನು ನಿನಗಾಗಿ ಹಾಗೇ ನಕಲು ಮಾಡಿದ್ದೇನೆ: "ಬ್ಯಾಕ್ಟೀರಿಯಾ ಬೆಳೆದಿಲ್ಲ. ಬೂಷ್ಟು ಕಂಡಿದೆ, ಗಾಳಿಯಿಂದ ಬಿದ್ದಿರಬಹುದು. ಮಹತ್ವವಿಲ್ಲ."

ಡಾಕ್ಟರಮ್ಮ ಆ ಚೀಟಿಯನ್ನು ಎರಡು ಸಲ ಓದಿದರು. "ಮಹತ್ವ ಇಲ್ಲ ಅಂತಾರೆ. ನನಗ್ಯಾಕೋ ಸರಿ ಕಾಣ್ತಿಲ್ಲ" ಅಂದರು. ನಿನ್ನ ವಿಷಯ ಹೇಳಿದೆ. "ಹಾಗಾದ್ರೆ ಒಂದ್ಸಲ ಕೇಳಿ ನೋಡಿ" ಅಂದರು. ಕೇಳುತ್ತಿದ್ದೇನೆ. ಬೂಷ್ಟಿಗೆ ಮಹತ್ವ ಉಂಟೋ ಇಲ್ಲವೋ?

ನೀನು ಕೇಳಿದ್ದಕ್ಕೆ ಉತ್ತರ. ಚೆನ್ನಾಗಿ ತಿನ್ನುತ್ತಿದ್ದಾಳೆ. ಮಾತಿಗೇನೂ ಕಡಿಮೆಯಿಲ್ಲ. ನಿನ್ನೆ ಪಕ್ಕದ ಮಂಚದ ಅಜ್ಜಿಗೆ ಬ್ರೆಡ್ಡು ಹೇಗೆ ಉಬ್ಬುತ್ತದೆ ಅಂತ ಪಾಠ ಮಾಡುತ್ತಿದ್ದಳು.

ನಿನ್ನ ತಮ್ಮ

*

ಜುಲೈ 14

ಗುಂಡಾ,

ನಕ್ಕುಬಿಟ್ಟೆ. ಎಷ್ಟು ದಿನವಾಗಿತ್ತು ನಕ್ಕು. ಗಾಳಿಯ ಬೂಷ್ಟಿಗೆ ಮಹತ್ವ ಕೊಡುತ್ತಾ ಕೂತರೆ ನಮ್ಮ ಲ್ಯಾಬಿಗೆ ಬೀಗ ಹಾಕಬೇಕು. ತಟ್ಟೆಯ ಮುಚ್ಚಳ ಒಂದು ಗಳಿಗೆ ತೆರೆದರೂ ಬೀಳುತ್ತದೆ, ಕಿಟಕಿಯಿಂದ ಬೀಳುತ್ತದೆ, ಗೋಡೆಯಿಂದ ಬೀಳುತ್ತದೆ. ಹಸಿರೋ ಕಪ್ಪೋ ಒಂದು ಚುಕ್ಕಿ ಎದ್ದು, ಮಾರನೆಯ ದಿನ ಕಂಬಳಿ ಹೊದ್ದುಕೊಂಡಿರುತ್ತದೆ. ಅಂಥವನ್ನು ವಾರಕ್ಕೆ ಒಂದಾದರೂ ಎಸೆಯುತ್ತೇನೆ. ನಿಮ್ಮ ಲ್ಯಾಬಿನವರು ಸರಿಯಾಗಿಯೇ ಬರೆದಿದ್ದಾರೆ.

ನಿಮ್ಮ ಡಾಕ್ಟರಮ್ಮ ಹೊಸಬರು, ಪುಸ್ತಕ ಓದಿ ಹೆದರುತ್ತಾರೆ. ಶ್ವಾಸಕೋಶಕ್ಕೇ ಬೂಷ್ಟು ಹಿಡಿದರೆ ಆ ಮನುಷ್ಯ ತಿನ್ನುವುದೂ ಇಲ್ಲ, ಪಕ್ಕದವರಿಗೆ ಪಾಠ ಹೇಳುವುದೂ ಇಲ್ಲ. ಇವಳು ಎರಡೂ ಮಾಡುತ್ತಿದ್ದಾಳೆ. ಅಲ್ಲಿಗೆ ಮಾತು ಮುಗಿಯಿತು. ಬೂಷ್ಟಿನ ಮದ್ದು ಬಲು ಕೆಟ್ಟದ್ದು, ಮೂತ್ರಪಿಂಡ ಹಿಂಡಿಹಾಕುತ್ತದೆ. ಸುಮ್ಮನೆ ಇರಲಿ ಅಂತ ಕೊಡಲು ಬಿಡಬೇಡ. ಬೇಕಾದರೆ ನನ್ನ ಹೆಸರು ಹೇಳು. ಜ್ವರ ಏರಿರುವುದು ಹಳೆಯ ಬ್ಯಾಕ್ಟೀರಿಯಾದ ಬಾಲ ಇರಬಹುದು, ಒಂದು ವಾರ ನೋಡಲಿ.

ಅಮ್ಮ ಹೋದ ಮೇಲೆ ನಿನ್ನ ಎಷ್ಟು ಜ್ವರ ನೋಡಿಲ್ಲ ನಾನು. ಈ ಜ್ವರವೂ ಹೋಗುತ್ತದೆ. ಈವತ್ತು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಅಕ್ಕ

*

ಜುಲೈ 17

ಅಕ್ಕಾ,

ನಿನ್ನ ಕಾಗದ ಬಂದ ತಕ್ಷಣ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಬೂಷ್ಟಿನ ಮದ್ದಿಗೆ ಚೀಟಿ ಬರೆದು ಅವರ ಮೇಲಿನವರ ಸಹಿಗೆ ಇಟ್ಟಿದ್ದರು. ನಿನ್ನ ಕಾಗದ ಕೊಟ್ಟೆ. ಓದಿದರು. ಮೇಲಿನವರೂ ಓದಿದರು. "ನೋಡಿ, ಅಷ್ಟು ದೊಡ್ಡ ಆಸ್ಪತ್ರೆ ಲ್ಯಾಬಿನವರೇ ಹೇಳ್ತಿದ್ದಾರೆ. ಸುಮ್ನೆ ಕಿಡ್ನಿ ಯಾಕೆ ಹಾಳು ಮಾಡ್ತೀರಿ" ಎಂದು ಚೀಟಿಯನ್ನು ಮಡಿಸಿ ಬುಟ್ಟಿಗೆ ಹಾಕಿದರು. ನನಗೆ ಹೆಮ್ಮೆಯಾಯಿತು ಅಕ್ಕಾ. ನಮ್ಮ ಅಕ್ಕ ಮೂರು ದಿನದ ದಾರಿಯಲ್ಲಿ ಕೂತು ಇಲ್ಲಿ ಒಂದು ಕೆಟ್ಟ ಮದ್ದು ತಪ್ಪಿಸಿದಳು ಅಂತ.

ಈಗ ಒಂದು ತಪ್ಪೊಪ್ಪಿಕೊಳ್ಳಬೇಕು. ಅವಳು ಚೆನ್ನಾಗಿ ತಿನ್ನುತ್ತಿದ್ದಾಳೆ ಅಂತ ಬರೆದದ್ದು ಸುಳ್ಳು. ಆ ಕಾಗದ ಬರೆದಾಗ ಅವಳು ಎರಡು ದಿನದಿಂದ ನೀರು ಬಿಟ್ಟರೆ ಏನೂ ಇಳಿಸಿರಲಿಲ್ಲ. ಮಾತೂ ಇರಲಿಲ್ಲ, ಆಡಲು ಉಸಿರಿರಲಿಲ್ಲ. ನೀನು ಅಲ್ಲಿ ಒಬ್ಬಳೇ, ಅರವತ್ತು ಡಬ್ಬಿಯ ನಡುವೆ. ಹೆದರಿಸಿ ಏನು ಮಾಡಲಿ ಅಂತ ಹಾಗೆ ಬರೆದೆ. ಹನ್ನೆರಡನೇ ತಾರೀಕಿನಿಂದ ಗಂಟಲಿಗೆ ಕೊಳವೆ ಹಾಕಿದ್ದಾರೆ. ಯಂತ್ರ ಉಸಿರಾಡುತ್ತದೆ, ಅವಳಲ್ಲ. ನಾಲ್ಕು ಗಂಟೆಗೆ ಹೋಗಿ ಪಕ್ಕದಲ್ಲಿ ನಿಂತು ಬೇಕರಿಯ ಸುದ್ದಿ ಹೇಳುತ್ತೇನೆ. ಒಂದೇ ಕಡೆಯಿಂದ ಮಾತಾಡಿ ನನಗೆ ಅಭ್ಯಾಸವೇ ಇಲ್ಲ.

ಆಮೇಲೆ ಇನ್ನೊಮ್ಮೆ ಕಳಿಸಿದ್ದ ಕಫದ ವರದಿಯೂ ನಿನ್ನೆ ಬಂತು. ಮತ್ತೆ ಅದೇ ಸಾಲು, ಗಾಳಿಯ ಬೂಷ್ಟು. ತಪ್ಪು ತಿಳಿಯಬೇಡ, ನಾನು ಬೇಕರಿಯವನು, ಬೂಷ್ಟು ಅಂದರೆ ನಮ್ಮ ಮನೆ ಶತ್ರು. ಒಂದು ಬ್ರೆಡ್ಡಿಗೆ ಬೂಷ್ಟು ಬಂದರೆ ಎಲ್ಲಿಂದಲೋ ಬಿತ್ತು ಅಂತ ಎಸೆಯುತ್ತೇವೆ. ಮೂರು ದಿನ ಬಿಟ್ಟು ಇನ್ನೊಂದು ಒಲೆಯ ಬ್ರೆಡ್ಡಿಗೂ ಅದೇ ಬೂಷ್ಟು ಬಂದರೆ ಗಾಳಿಯನ್ನು ಬೈಯುವುದಿಲ್ಲ. ಬ್ರೆಡ್ಡು ಇಡುವ ಗೂಡಿನೊಳಗೇ ಮನೆ ಮಾಡಿದೆ ಅಂತ ಗೂಡು ಕಿತ್ತು ತೊಳೆಯುತ್ತೇವೆ. ಎರಡು ಬೇರೆ ದಿನ, ಎರಡು ಬೇರೆ ಡಬ್ಬಿ, ಒಂದೇ ಬೂಷ್ಟು. ಇದಕ್ಕೆ ನಿಮ್ಮ ಲೆಕ್ಕ ಬೇರೆಯೇನಾ?

ನಿನ್ನ ತಮ್ಮ

*

ಜುಲೈ 20, ಮಧ್ಯಾಹ್ನ 3

ಗುಂಡಾ,

ನಿನ್ನ ಕಾಗದ ಹನ್ನೊಂದಕ್ಕೆ ಬಂತು. ಹನ್ನೆರಡರ ತನಕ ಒಂದು ಕೆಲಸ ನೋಡಿ ಮುಗಿಸಿ, ಹೊಟ್ಟೆನೋವು ಅಂತ ಹೇಳಿ ಅಂಚೆ ಕಚೇರಿಗೆ ಬಂದೆ. ಎರಡು ಇಪ್ಪತ್ತಕ್ಕೆ ಲೈನು ಸಿಕ್ಕಿತು. ನಿಮ್ಮ ಡಾಕ್ಟರಮ್ಮನ ಜೊತೆ ಮಾತಾಡಿದೆ. ಮೂರು ನಿಮಿಷ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಬರೆದದ್ದು ತಪ್ಪು. ಆ ಕಾಗದ ಹರಿದುಹಾಕು. ಈ ಕಾಗದ ಮುಟ್ಟುವ ಹೊತ್ತಿಗೆ ಮದ್ದು ಶುರುವಾಗಿರಬೇಕು. ಆಗಿರದಿದ್ದರೆ ಇದನ್ನು ಮೇಲಿನವರ ಮುಂದೆ ಹಿಡಿದು ಓದು: "ತಟ್ಟೆಯ ಮೇಲೆ ಬೆಳೆದದ್ದು ಗಾಳಿಯಿಂದ ಬಿದ್ದಿರಬಹುದು. ಆದರೆ ಕಫವನ್ನು ನೇರವಾಗಿ ಗಾಜಿಗೆ ಸವರಿ ನೋಡುವ ಸ್ಲೈಡಿನಲ್ಲಿ ಗಾಳಿಯ ಬೂಷ್ಟು ಬೆಳೆಯಲು ಹೊತ್ತೇ ಇರುವುದಿಲ್ಲ. ಅಲ್ಲಿ ಕವಲೊಡೆದ ನೂಲು ಕಂಡರೆ ಅದು ಎದೆಯೊಳಗಿಂದ ಬಂದದ್ದೇ. ಆ ಸ್ಲೈಡು ತೆಗೆಸಿ ನೋಡಿ." ಅವರು ಒಪ್ಪದಿದ್ದರೆ ಕಾಲು ಹಿಡಿ. ನನ್ನ ಪರವಾಗಿಯೂ ಹಿಡಿ.

ಸುಳ್ಳು ಬರೆದೆ ಅಂತ ನಿನ್ನನ್ನು ಬೈಯಲು ನನಗೆ ಮುಖವಿಲ್ಲ. ಅವಳು ತಿನ್ನುತ್ತಿದ್ದಾಳೆ ಅಂದದ್ದನ್ನು ನಂಬಿದೆ, ನಂಬಲು ಹಿತವಾಗಿತ್ತು. ಯಾಕೆ ಇಷ್ಟು ಬೇಗ ಮಾತು ಬದಲಾಯಿಸಿದೆ ಅಂತ ಈಗ ಕೇಳಬೇಡ. ಏನಾಯಿತು ಅಂತ ಒಂದು ಸಾಲು ಬರೆ.

ಅಕ್ಕ

*

ಜುಲೈ 24

ಗುಂಡಾ,

ಕಾಗದವಿಲ್ಲ. ಇಂದು ಬರುವುದಿಲ್ಲ ಅಂತ ಲೆಕ್ಕ ಹಾಕಿ ಗೊತ್ತಿದ್ದರೂ ಅಂಚೆಯವನ ಚೀಲದೊಳಗೆ ಇಣುಕಿದೆ. ಅವನು, "ಏನಮ್ಮಾ, ಮದುವೆ ಪತ್ರನಾ?" ಅಂದ. ನನ್ನ ವಯಸ್ಸಿಗೆ ಮದುವೆ ಪತ್ರ. ನಗಲು ಹೋಗಿ ಅತ್ತುಬಿಟ್ಟೆ. ಪಾಪ, ಅವನು ಸೈಕಲ್ ಬಿಟ್ಟು ನಿಂತೇಬಿಟ್ಟ.

ಅಂಚೆ ಕಚೇರಿಯಿಂದ ಎರಡು ಸಲ ಫೋನಿಗೆ ಪ್ರಯತ್ನಿಸಿದೆ. ಒಮ್ಮೆ ಲೈನು ಸಿಗಲಿಲ್ಲ. ಇನ್ನೊಮ್ಮೆ ಯಾರೋ ಎತ್ತಿ, "ಯಾವ ವಾರ್ಡು? ಅಲ್ಲಿ ಇವತ್ತು ಬೆಳಿಗ್ಗೆ ಒಬ್ರು ಹೆಂಗಸು ಹೋದ್ರು" ಎಂದು ಹೇಳಿ ಇಟ್ಟುಬಿಟ್ಟರು. ಯಾರು ಅಂತ ಕೇಳಲೂ ಬಿಡಲಿಲ್ಲ. ಆಮೇಲೆ ಮತ್ತೆ ಮಾಡಲು ನನ್ನಿಂದ ಆಗಲಿಲ್ಲ. ಅವಳಲ್ಲ ಅಂತ ಬರೆ.

ಅಕ್ಕ

*

ಜುಲೈ 28

ತಮ್ಮಾ,

ನನ್ನ ಮೇಲೆ ಕೋಪವಿದ್ದರೆ ಬರಿಯ ಹಾಳೆಯನ್ನಾದರೂ ಮಡಿಸಿ ಕಳಿಸು. ಅವಳು ಇಲ್ಲದಿದ್ದರೆ ಅದನ್ನೂ ನೀನೇ ಹೇಳು. ಬೇರೆಯವರಿಂದ ತಿಳಿಯುವುದು ಬೇಡ.

ಅಕ್ಕ

*

ಜುಲೈ 31

ಅಕ್ಕಾ,

ಅವಳಲ್ಲ. ಆವತ್ತು ಹೋದದ್ದು ಪಕ್ಕದ ಮಂಚದ ಅಜ್ಜಿ.

ಮೊದಲು ಇದನ್ನು ಓದಿಕೋ: ಮೊನ್ನೆ ಗಂಟಲಿನ ಕೊಳವೆ ತೆಗೆದರು. ನಿನ್ನೆ ನಾಲ್ಕು ಚಮಚ ಗಂಜಿ ಕುಡಿದಳು. ಇವತ್ತು ಗೊರಗೊರ ದನಿಯಲ್ಲಿ, "ಶರ್ಟು ಒಗೆದಿಲ್ಲ" ಅಂದಳು. ನಾನು ಕಾರಿಡಾರಿಗೆ ಬಂದು ಗೋಡೆಗೆ ಮುಖ ಹಚ್ಚಿ ಅತ್ತೆ.

ನೀನು ಫೋನು ಮಾಡಿದ ಸಂಜೆಯೇ ಡಾಕ್ಟರಮ್ಮ ಲ್ಯಾಬಿಗೆ ಹೋಗಿ ಸ್ಲೈಡು ತೆಗೆಸಿದರಂತೆ. ನೂಲು ಇತ್ತು, ಕವಲು ಕವಲಾಗಿ. ಆರು ಗಂಟೆಗೆ ಮದ್ದು ಏರಿಸಿದರು. ಅದು ಮದ್ದೋ ದೆವ್ವವೋ. ಮಂಚದ ಸಮೇತ ನಡುಗಿದಳು. ಮೂತ್ರ ಕಡಿಮೆಯಾಯಿತು. ಇಪ್ಪತ್ತನಾಲ್ಕನೇ ತಾರೀಕು ಮೇಲಿನವರು ನನ್ನನ್ನು ಕೋಣೆಗೆ ಕರೆದು, "ಮನೆಯವರಿಗೆಲ್ಲ ಹೇಳಿಬಿಡಿ" ಅಂದರು. ಯಾರಿಗೆ ಹೇಳಲಿ? ಹೇಳಬೇಕಾದವಳು ನೀನೊಬ್ಬಳೇ.

ಬರೆಯದಿದ್ದದ್ದು ಅದಕ್ಕೆ. ಕೋಪವೂ ಇತ್ತು, ಮುಚ್ಚಿಡುವುದಿಲ್ಲ. ಚೀಟಿ ಬುಟ್ಟಿಗೆ ಬಿದ್ದದ್ದು ಕಣ್ಣ ಮುಂದೆ ಬರುತ್ತಿತ್ತು. ಪೆನ್ನು ಹಿಡಿದರೆ ಏನು ಬರೆದುಬಿಡುತ್ತೇನೋ ಅಂತ ಹೆದರಿಕೆ. ಜೊತೆಗೆ ನನ್ನದೂ ಒಂದು ಪಾಪವಿತ್ತು. ಅವಳು ಮಲಗುವ ಹಿಂದಿನ ವಾರ ಉಗ್ರಾಣದ ಹಳೆಯ ಗೂಡಿನ ಬೂಷ್ಟು ಒರೆಸಲು ಅವಳನ್ನೇ ಕಳಿಸಿದ್ದೆ. ಅವಳ ಎದೆಗೆ ಬೂಷ್ಟು ನಾನೇ ತುಂಬಿಸಿದೆ ಅಂತ ಕೊರಗುತ್ತಿದ್ದೆ. ಡಾಕ್ಟರಮ್ಮನಿಗೆ ಹೇಳಿದರೆ, "ಅಲ್ಲಿಂದ್ಲೇ ಬಂತು ಅಂತ ಯಾರಿಗೂ ಹೇಳಕ್ಕಾಗಲ್ಲ, ಬೂಷ್ಟಿನ ಬೀಜ ನಾವೆಲ್ಲ ದಿನಾ ಉಸಿರಾಡ್ತೀವಿ" ಅಂದರು. ಅರ್ಧ ಸಮಾಧಾನವಾಯಿತು.

ಈಗ ಕೋಪವಿಲ್ಲ. ಫೋನು ಒಂದು ದಿನ ತಡವಾಗಿದ್ದರೆ ಈ ಕಾಗದವೇ ಬೇರೆಯಾಗುತ್ತಿತ್ತು ಅಂತ ಡಾಕ್ಟರಮ್ಮ ಹೇಳಿದರು. ನೀನೇ ಅವಳನ್ನು ಬದುಕಿಸಿದೆ. ಒಂದು ಮಾತ್ರ ತಿಳಿಯಲಿಲ್ಲ. ಹನ್ನೊಂದಕ್ಕೆ ಕಾಗದ ಓದಿ, ಹನ್ನೆರಡರೊಳಗೆ ಅಷ್ಟು ಖಚಿತವಾಗಿ ನಿನಗೆ ಹೇಗೆ ಗೊತ್ತಾಯಿತು?

ನಿನ್ನ ತಮ್ಮ

*

ಆಗಸ್ಟ್ 3

ಗುಂಡಾ,

ಕಾಗದವನ್ನು ಹಣೆಗೊತ್ತಿಕೊಂಡೆ. ಆಮೇಲೆ ಕೊನೆಯ ಸಾಲು ಓದಿದೆ. ನೀನು ಬೇಕರಿಯವನಾಗದೆ ಪೊಲೀಸನಾಗಬೇಕಿತ್ತು.

ಹೇಳುತ್ತೇನೆ. ನಾವು ಮೊದಲು ಸ್ಲೈಡು ನೋಡಿ ಆಮೇಲೆ ತಟ್ಟೆ ನೋಡುವವರು. ಅದು ನಾನೇ ಹೊಸಬರಿಗೆ ಕಲಿಸಿದ ಕ್ರಮ. ಜ್ವರ ಶುರುವಾಗಿ ಡಬ್ಬಿಗಳು ಅರವತ್ತಾದ ಮೇಲೆ ಸ್ಲೈಡಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಅಂತ ಮಾತ್ರ ಒಂದು ನೋಟ ಹಾಕಿ ಪೆಟ್ಟಿಗೆಗೆ ಸೇರಿಸುತ್ತಿದ್ದೆ. ತಟ್ಟೆಯಲ್ಲಿ ಬೂಷ್ಟೆದ್ದರೆ ಗಾಳಿಯದು ಅಂತ ಬರೆದು ಎಸೆಯುತ್ತಿದ್ದೆ. ನಿನ್ನ ಎರಡು ಬ್ರೆಡ್ಡಿನ ಮಾತು ಓದಿದ ದಿನ ರಿಜಿಸ್ಟರ್ ತಿರುವಿದೆ. ಜೂನ್‌ನಿಂದ ಏಳು ಫ್ಲೂ ರೋಗಿಗಳ ಮುಂದೆ ನನ್ನ ಕೈಯ ಅದೇ ಸಾಲಿತ್ತು. ಪೆಟ್ಟಿಗೆಯಿಂದ ಏಳು ಸ್ಲೈಡು ತೆಗೆದು ನೋಡಿದೆ. ಐದರಲ್ಲಿ ನೂಲಿತ್ತು. ಹುಡುಕಬೇಕಾಗಿಯೂ ಇರಲಿಲ್ಲ, ಗಾಜಿನ ತುಂಬ ಹರಡಿತ್ತು.

ಆ ಐವರಲ್ಲಿ ನಾಲ್ವರು ಸತ್ತಿದ್ದಾರೆ. ಒಬ್ಬರು ಡ್ರಾಯಿಂಗ್ ಮೇಷ್ಟ್ರು. ಅವರ ಮಗಳು ದಿನವೂ ಲ್ಯಾಬಿನ ಕಿಟಕಿಗೆ ಬಂದು, "ರಿಪೋರ್ಟ್ ಬಂತಾ ಆಂಟಿ" ಅನ್ನುತ್ತಿದ್ದಳು. "ಏನೂ ಇಲ್ಲಮ್ಮ, ಗಾಳೀದು" ಅಂತ ಹೇಳಿ ಕಳಿಸಿದೆ. ಥ್ಯಾಂಕ್ಸ್ ಅಂದು ಹೋದಳು. ಮದ್ದು ಕೊಟ್ಟಿದ್ದರೆ ನಾಲ್ವರೂ ಉಳಿಯುತ್ತಿದ್ದರು ಅಂತಲ್ಲ. ಕೊಡುವ ಮಾತೇ ಏಳಲಿಲ್ಲ, ಏಳದಂತೆ ಮಾಡಿದವಳು ನಾನು.

ದೊಡ್ಡ ಡಾಕ್ಟರಿಗೆ ಇನ್ನೂ ಹೇಳಿಲ್ಲ. ನಿಮ್ಮ ಡಾಕ್ಟರಮ್ಮನಿಗೆ ಫೋನು ಮಾಡಲು ಅಂಚೆ ಕಚೇರಿಗೆ ಹೋದದ್ದೂ ಅವರ ಮೇಜಿನ ಫೋನಿಗೆ ಹೆದರಿಯೇ. ಅವರ ಬಾಗಿಲ ತನಕ ನಾಲ್ಕು ಸಲ ಹೋಗಿದ್ದೇನೆ. ಮೊನ್ನೆ ಅವರು ಯಾರನ್ನೋ, "ಯಾರು ಮಾಡಿದ ಕೆಲಸ ಇದು?" ಎಂದು ಗದರಿದರು. ಯಾವುದೋ ಒಡೆದ ಬಾಟಲಿಯ ವಿಷಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಎದ್ದು ನಿಂತುಬಿಟ್ಟೆ. ಈಗ ಎಂಟನೆಯದೂ ಬಂದಿದೆ, ಇಪ್ಪತ್ತೆರಡನೇ ಮಂಚದ ಲಾರಿ ಡ್ರೈವರ್, ಇಪ್ಪತ್ತೊಂಬತ್ತನೇ ತಾರೀಕಿನ ಸ್ಲೈಡು. ಅದರಲ್ಲೂ ನೂಲಿದೆ. ಗಾಳಿಯದು ಅಂತ ಬರೆಯಲು ಕೈ ಬರಲಿಲ್ಲ. ಬೂಷ್ಟು ಅಂತ ಬರೆದರೆ ಹಿಂದಿನ ಏಳೂ ಹೊರಗೆ ಬರುತ್ತವೆ. ಹಾಗಾಗಿ "ಫಲಿತಾಂಶ ಬಾಕಿ" ಅಂತ ಬರೆದಿಟ್ಟಿದ್ದೇನೆ. ಈ ವಾರ ಹೇಗಾದರೂ ಹೇಳುತ್ತೇನೆ.

ನನ್ನನ್ನು ಬದುಕಿಸಿದವಳು ಅಂತ ಬರೆಯಬೇಡ. ಹಗಲಲ್ಲೂ ಹೆದರಿಕೆಯಾಗುತ್ತದೆ, ಗುಂಡಾ.

ಅಕ್ಕ

*

ತಂತಿ, ಆಗಸ್ಟ್ 6

ಎಂಟನೆಯವರ ವರದಿ ಈಗಲೇ ಕೊಡು. ಕಾಗದ ಹಿಂದೆ ಬರುತ್ತದೆ. ತಮ್ಮ

*

ಆಗಸ್ಟ್ 6

ಅಕ್ಕಾ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಸತ್ತ ನಾಲ್ವರ ಸಾಲಿಗೆ ಬಂದು ಓದುವುದನ್ನೇ ನಿಲ್ಲಿಸಿಬಿಟ್ಟೆ. ನಮ್ಮ ಅಕ್ಕ ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳಲ್ಲ ಅಂತ ಸಂಕಟವಾಯಿತು. ನಿನಗೆ ಏನು ಸಮಾಧಾನ ಬರೆಯಲಿ ಅಂತಲೇ ಯೋಚಿಸುತ್ತಾ ಒಳಗೆ ಹೋದೆ. ಅವಳು ದಿಂಬಿಗೆ ಒರಗಿ ಕೂತಿದ್ದಳು. ಏನು ಮುಖ ಹೀಗಿದೆ ಅಂದಳು. ಓದಿ ಹೇಳಿದೆ, ಒಂದು ಅಕ್ಷರ ಬಿಡದೆ.

ಅವಳು ಕಣ್ಣು ಮುಚ್ಚಿ ಕೇಳಿದಳು. ಈಗ ಒಂದು ಉಸಿರಿಗೆ ಮೂರು ನಾಲ್ಕು ಪದವಷ್ಟೇ ಅವಳಿಗೆ ಆಗುವುದು. "ಆ ಡ್ರೈವರ್ ಇನ್ನೂ ಇದ್ದಾರಾ?" ಅಂದಳು. ಇದ್ದ ಹಾಗೆ ಬರೆದಿದ್ದಾಳೆ ಅಂದೆ. ಉಸಿರು ತೆಗೆದುಕೊಂಡು, "ನಂಗೋಸ್ಕರ ಅವತ್ತೇ ಫೋನ್ ಮಾಡಿದ್ರು. ಅವ್ರಿಗ್ಯಾಕೆ ಈ ವಾರ?" ಅಂದಳು. ಇನ್ನೊಂದು ಉಸಿರು ತೆಗೆದುಕೊಂಡಳು. "ಇಲ್ಲಿ ಕೂತು ಓದ್ತಾ ಇದೀರಲ್ಲ, ಏಳಿ."

ನನಗೆ ಹೊಳೆಯಲೇ ಇಲ್ಲ ಅಕ್ಕಾ. ಅವಳಿಗೆ ಹೊಳೆಯಿತು.

ನಿನ್ನ ತಮ್ಮ

*

ಆಗಸ್ಟ್ 7

ಗುಂಡಾ,

ತಂತಿ ಹತ್ತೂವರೆಗೆ ಬಂತು. ಕಾಗದ ಇನ್ನೂ ಬಂದಿಲ್ಲ, ಬರುವ ತನಕ ಕಾಯಲಿಲ್ಲ. ತಂತಿಯನ್ನು ಓದಿದೆ, ರಿಜಿಸ್ಟರು ಮತ್ತು ಸ್ಲೈಡಿನ ಪೆಟ್ಟಿಗೆ ಎತ್ತಿಕೊಂಡೆ, ದೊಡ್ಡ ಡಾಕ್ಟರ ಬಾಗಿಲು ತಟ್ಟದೆಯೇ ಒಳಗೆ ಹೋದೆ. ತಟ್ಟಲು ನಿಂತಿದ್ದರೆ ಐದನೆಯ ಸಲವೂ ತಿರುಗಿ ಬರುತ್ತಿದ್ದೆ.

ಮೊದಲು ಇಪ್ಪತ್ತೆರಡನೇ ಮಂಚದ್ದು ಹೇಳಿದೆ. ಅವರು ಸ್ಲೈಡು ನೋಡಿದರು. ನನ್ನನ್ನು ಏನೂ ಕೇಳದೆ ವಾರ್ಡಿಗೆ ಫೋನು ಮಾಡಿ ಮದ್ದು ಶುರು ಮಾಡಿ ಅಂದರು. ಆಮೇಲೆ ಹಿಂದಿನ ಏಳು ಹೇಳಿದೆ. "ಎಷ್ಟು ದಿನದಿಂದ ಗೊತ್ತು ನಿಮಗೆ?" ಅಂದರು. "ಹದಿನೆಂಟು ದಿನ" ಅಂದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಿಜಿಸ್ಟರ್ ಇಲ್ಲೇ ಬಿಡಿ. ಇವತ್ತು ನೀವು ಲ್ಯಾಬಿನ ಬೆಂಚಿಗೆ ಹೋಗೋದು ಬೇಡ" ಅಂದರು. ನಾಳೆಯ ಮಾತು ಆಡಲಿಲ್ಲ.

ಬೆಂಚು ಬಿಟ್ಟರೆ ಈ ಕಟ್ಟಡದಲ್ಲಿ ಎಲ್ಲಿಗೆ ಹೋಗಬೇಕು ಅಂತ ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ವಾರ್ಡಿನ ಮೆಟ್ಟಿಲು ಹತ್ತಿದವಳಲ್ಲ. ನನಗೆ ಬರುವುದು ಡಬ್ಬಿ ಮತ್ತು ನಂಬರು, ಅಷ್ಟೇ. ಇವತ್ತು ಹತ್ತಿದೆ. ಕಂಬಿ ಹಿಡಿದುಕೊಂಡು ಹತ್ತಿದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಡ್ರೈವರ್ ಹೆಂಡತಿ ಕೂತಿದ್ದಳು. ಬಾಗಿಲ ಸಂದಿಯಿಂದ ಬಾಟಲಿ ತೂಗುಹಾಕುವುದು ಕಾಣುತ್ತಿತ್ತು. ನನ್ನ ಬಿಳಿ ಕೋಟು ನೋಡಿ ಎದ್ದು ನಿಂತು, "ಹೊಸ ಔಷಧಿ ನೀವೇ ಕೊಡ್ಸಿದ್ದಾ?" ಎಂದು ಕೈ ಮುಗಿದಳು.

ಕೈ ಮುಗಿಯಬೇಡಿ ಅಂದೆ. "ಇದು ಒಂಬತ್ತು ದಿನದ ಹಿಂದೆಯೇ ಶುರುವಾಗ್ಬೇಕಿತ್ತು. ಗೊತ್ತಿದ್ದೂ ನಾನು ಹೇಳ್ಲಿಲ್ಲ. ಲ್ಯಾಬಿನವಳು ನಾನು" ಅಂದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂತ ನಿಂತೆ. ಅವಳು ಮುಗಿದ ಕೈಯನ್ನು ನಿಧಾನವಾಗಿ ಇಳಿಸಿದಳು. "ಈಗ ಕೊಟ್ರೆ ಬದುಕ್ತಾರಾ?" ಅಂದಳು.

ಗೊತ್ತಿಲ್ಲ ಅಂದೆ.

ಅವಳು ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು. "ಹಾಗಾದ್ರೆ ಗೊತ್ತಾಗೋವರೆಗೂ ಇಲ್ಲೇ ಕೂತ್ಕೊಳ್ಳಿ" ಅಂದಳು.

ಕೂತಿದ್ದೇನೆ. ಇದನ್ನು ಅವಳ ಪಕ್ಕದಲ್ಲಿಯೇ ಬರೆಯುತ್ತಿದ್ದೇನೆ.

ಅಕ್ಕ